ನಾಕು ಕಿಲೋದ ಶೀಲ್ಡು

ಏಣಿಯ ಮೇಲಿನ ಮೆಟ್ಟಿಲಲ್ಲಿ ಶಿವಗಂಗಾ ನಿಂತಿದ್ದಳು. ಕೆಳಗೆ ಏಣಿ ಹಿಡಿದು ನಿಂತಿದ್ದ ಅವಳ ಗಂಡ ಪುಂಡಲೀಕನ ತಲೆಯ ಮೇಲೆ ಹಳದಿ ಹೆಲ್ಮೆಟ್ ಇತ್ತು, ಮೂಗಿಗೆ ಮಾಸ್ಕ್ ಇತ್ತು. ಶೆಡ್ಡಿನೊಳಗಿನ ಕಾರಿಗೆ ಎರಡು ಕೌದಿ ಹೊದಿಸಿತ್ತು. ಶಿವಗಂಗಾಳ ತಲೆಯ ಮೇಲೆ ಸೆರಗಿತ್ತು.

"ಮ್ಯಾಲಿಂದ ಏನರ ಬಿದ್ದರ ಕೆಳಗ ಇದ್ದಾವಗ ಅಪಾಯ. ಧೂಳೂ ಕೆಳಗ ಬರೂದು," ಎಂದು ಆತ ಆಗಲೇ ವಿವರಿಸಿದ್ದ. ದಾಂಡೇಲಿಯ ಕಾರ್ಖಾನೆಯೊಂದರ ಸುರಕ್ಷಾ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನಿಗೆ ಎದುರಾಡುವುದು ಹೇಗೆ?

ಮಂಗಗಳು ಹಾರಿ ಹಾರಿ ಶೆಡ್ಡಿನ ಹಳೆಯ ಸಿಮೆಂಟ್ ಶೀಟು ನಡುವೆ ಬಿರುಕು ಬಿಟ್ಟಿತ್ತು. ಬೆಳಿಗ್ಗೆ ರಿಪೇರಿಗೆ ಬಂದ ಗ್ಯಾರೇಜಿನ ವಜೀರ ಏಣಿ ಹತ್ತಿ ನೋಡಿ, ಶೀಟಿನ ಮೇಲೆ ಕಾಲಿಡದೇ ಇಳಿದಿದ್ದ.

"ಸಾಹೇಬ್ರ, ಇದು ಆಸ್ಬೆಸ್ಟಾಸ್. ಬೋಲ್ಟಿನ ಸಾಲಿನ ಕೆಳಗಷ್ಟ ಕಟ್ಟಿಗಿ ಐತಿ, ಉಳಿದದ್ದೆಲ್ಲಾ ಹಪ್ಪಳ. ನಾಳೆ ಎರಡ ಉದ್ದನ ಹಲಗಿ ತರ್ತೇನಿ, ಅಡ್ಡ ಹಾಕಿ ಅದರ ಮ್ಯಾಲ ಹೋಗೂಣು. ಮೊದಲ ನೀರ ಹೊಡದ ತೋಯಿಸಬೇಕ್ರಿ. ಒಣಾ ಕೆರದರ ಅದರ ಪುಡಿ ಎದಿಯೊಳಗ ಹೋಗಿ ಕೂಡತೈತಿ."

ಅವನು ಹೋದ ಮೇಲೆ ಪುಂಡಲೀಕ ನಕ್ಕ. "ಸೇಫ್ಟಿ ನನಗ ಕಲಿಸಾಕ ಬಂದಾನ!" ಆಮೇಲೆ ತನ್ನ ಹೊಟ್ಟೆ ನೋಡಿಕೊಂಡ, ಹೆಂಡತಿಯನ್ನು ನೋಡಿದ. "ಏ ಗಂಗಾ, ನೀನ ಏರು. ನೀ ಹಗುರ ಅದಿ."

ಹಗುರ! ಹೋದ ಪಂಚಮಿಗೆ ಮುಂಡಗೋಡದ ತವರಿನಲ್ಲಿ ಅವಳು ಜೋಕಾಲಿಯ ಮಣೆಯ ಮೇಲೆ ಕೂತಾಗ ಇದೇ ಬಾಯಿ, ಅತ್ತಿಗೆಯರೆಲ್ಲರ ಎದುರು, "ಇಳಿ ಇಳಿ, ಟೊಂಗಿ ಮುರದೀತು!" ಎಂದಿತ್ತು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕು ಇಳಿದಿದ್ದಳು. ಅಲ್ಲಿಂದೀಚೆಗೆ ತಾನು ಯಾವಾಗ ಕರಗಿದೆನೋ ಅವಳಿಗೆ ತಿಳಿಯಲಿಲ್ಲ.

"ಯಾಕ ನಿಂತಿ? ನಾಕ ಹೆಜ್ಜಿ ಹೋಗು, ಬಿರುಕಿಗೆ ಡಾಂಬರ ಮೆತ್ತು, ಬಾ. ಶೀಟ್ ಗಟ್ಟಿ ಐತಿ. ನನ್ನ ಮ್ಯಾಲ ಭರೋಸಾ ಇಲ್ಲೇನು?"

ಶಿವಗಂಗಾ ಬಗ್ಗಿ ನೋಡಿದಳು. ಪಾಚಿಗಟ್ಟಿದ ಶೀಟಿನ ಬಿರುಕಿನಿಂದ ಕೆಳಗಿನ ಕೌದಿಯ ಕೆಂಪು ತುಂಡೊಂದು ಕಾಣುತ್ತಿತ್ತು. ಅವಳೇ ಹೊಲಿದ ಕೌದಿ. ಬಿದ್ದರೆ ಅದರ ಮೇಲೇ ಬೀಳುತ್ತೇನೆ, ಕಾರಿಗೇನೂ ಆಗುವುದಿಲ್ಲ ಎನ್ನಿಸಿತು.

ಅವಳು ಇಳಿದು ಒಳಗೆ ಹೋದಳು. ಹಜಾರದ ಶೋಕೇಸಿನಿಂದ, ಕಾರ್ಖಾನೆಯವರು ಗಂಡನಿಗೆ ಬಹುಮಾನವಾಗಿ ಕೊಟ್ಟಿದ್ದ ದೊಡ್ಡ ಶೀಲ್ಡನ್ನು ಬಗಲಲ್ಲಿಟ್ಟುಕೊಂಡು ಬಂದು ಮತ್ತೆ ಏಣಿ ಹತ್ತಿದಳು. ಪುಂಡಲೀಕನ ಕಣ್ಣುಗಳು ಅರಳಿದವು. ಹೆಲ್ಮೆಟ್ ನೆಟ್ಟಗೆ ಮಾಡಿಕೊಂಡ.

"ಫೋಟೊಕ್ಕೇನು? ನಮ್ಮ ರಿಟೈರ್ಡ್ ಮಂದಿ ಗ್ರೂಪಿಗೆ ಹಾಕೂಣು ತಗೋ."

"ಫೋಟೊ ಅಲ್ರಿ. ಮೊದಲ ಇದು ಹೋಗಿ ಬರ್ಲಿ. ನನಗಿಂತ ಹಗುರ ಐತಿ."

ಅವಳು ಬೋಲ್ಟಿನ ಸಾಲು ಬಿಟ್ಟು, ಶೀಟಿನ ನಡುವಿಗೆ ಎಸೆಯುವವಳಂತೆ ಶೀಲ್ಡನ್ನು ಎತ್ತಿ ಹಿಡಿದಳು.

"ಏ, ಏ! ಹುಚ್ಚ ಹಿಡದೈತೇನು? ಶೀಟ್ ತಡಿಯೂದಿಲ್ಲ! ಒಡದ ಕೆಳಗ ಬೀಳ್ತೈತಿ ಅದು!"

"ಎಷ್ಟ ಭಾರ ಐತ್ರಿ ಇದು?"

"ನಾಕ ಕಿಲೋ! ಶುದ್ಧ ಹಿತ್ತಾಳಿ! ಕೊಡ ಇಲ್ಲೆ!"

"ನಾ ಎಷ್ಟ ಭಾರ ಅದೀನ್ರಿ?"

ಪುಂಡಲೀಕನ ಮಾಸ್ಕ್ ಗದ್ದಕ್ಕೆ ಜಾರಿತ್ತು. ಕಣ್ಣು ಶೀಲ್ಡಿನ ಮೇಲೆಯೇ ಇತ್ತು. ಅವಳು ಬಗ್ಗಿ ಅದನ್ನು ಕೆಳಗೆ ಕೊಟ್ಟಳು. ಆತ ಎರಡೂ ಕೈಚಾಚಿ ತೆಗೆದುಕೊಂಡು ಎದೆಗವಚಿಕೊಂಡ. 'ಮೊದಲು ಸುರಕ್ಷೆ' ಎಂಬ ಅಕ್ಷರಗಳ ಮೇಲೆ ಮೂಡಿದ್ದ ಅವಳ ಬೆರಳಿನ ಗುರುತನ್ನು ಲುಂಗಿಯ ತುದಿಯಿಂದ ಒರೆಸತೊಡಗಿದ.

ಶಿವಗಂಗಾ ಒಂದೊಂದೇ ಮೆಟ್ಟಿಲು ಇಳಿದಳು. ಮೂರನೆಯದಕ್ಕೆ ಏಣಿ ಗೇಣುದ್ದ ಪಕ್ಕಕ್ಕೆ ಸರಿಯಿತು. ಗೋಡೆ ಹಿಡಿದು ಸಾವರಿಸಿಕೊಂಡು ಕೆಳಗೆ ನೋಡಿದಳು.

ಏಣಿಯನ್ನು ಯಾರೂ ಹಿಡಿದಿರಲಿಲ್ಲ.