ಆಯಮ್ಮನ ಥರ ಮಾಡು

"ಈಗ ನಮ್ಮ ಆಯಮ್ಮನ ಥರ ಮಾಡು, ನೋಡೋಣ!"

ಮೊದಲ ಸಾಲಿನಿಂದ ಹಳೆಯ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಕೂಗಿದ. ಸಭಾಂಗಣ ಹೋ ಎಂದಿತು. ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದ ಆಯಮ್ಮ ಒರೆಸುವುದನ್ನು ನಿಲ್ಲಿಸಿದಳು.

ವೇದಿಕೆಯ ಮೇಲೆ ಒಬ್ಬೊಬ್ಬರನ್ನೇ ಅನುಕರಿಸಿ ನಗಿಸುತ್ತಿದ್ದ ಹುಡುಗಿ ಅವಳ ಮಗಳು. ಶಾಲೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಇವತ್ತಿನವರೆಗೆ.

ಶಾಲೆಗೆ ನೂರೈವತ್ತು ವರ್ಷ. ಅದರ ನಿಯಮಗಳ ವಯಸ್ಸು ಇನ್ನೂ ಒಂದೆರಡು ಹೆಚ್ಚೇ ಇರಬೇಕು. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ಸಂಜೆ ಸೇರಿ, ಬಡ ಮಕ್ಕಳ ಆಟಪಾಟ ನೋಡಿ, ಅವರ ಓದಿಗೆ ನಿಧಿ ಎತ್ತುತ್ತಿದ್ದರು. ನಿಧಿ ಎಲ್ಲ ಬಡವರಿಗೂ ಉಂಟು. ಶಾಲೆಯಲ್ಲೇ ದುಡಿಯುವ ಬಡವರ ಮಕ್ಕಳಿಗೆ ಮಾತ್ರ ಇಲ್ಲ. ಹಾಗಾಗಿ ಅರ್ಜಿಯಲ್ಲಿ ಅಮ್ಮನ ಜಾಗಕ್ಕೆ ಚಿಕ್ಕಮ್ಮ ಬಂದಳು. ನಾಲ್ಕು ವರ್ಷದಿಂದ ತಾಯಿ ಮಗಳು ಬೇರೆ ಬೇರೆ ಗೇಟಿನಿಂದ ಒಳಬರುತ್ತಿದ್ದರು. ನಾಲಿಗೆ ಜಾರಬಾರದೆಂದು ಮಗಳು ಮನೆಯಲ್ಲೂ "ಆಯಮ್ಮ" ಎಂದೇ ಕರೆಯುತ್ತಿದ್ದಳು. ಜ್ವರದಲ್ಲಿ ಕನವರಿಸಿದ್ದೂ ಹಾಗೆಯೇ. ಅದನ್ನು ಕೇಳಿ ಹೆತ್ತವಳು, ಭೇಷ್, ಪಾಠ ಗಟ್ಟಿಯಾಗಿದೆ ಎಂದುಕೊಂಡಿದ್ದಳು.

ಆದರೆ ಇವತ್ತು ಐದು ಗಂಟೆಗೆ ಬೂದು ಕೋಟಿನವನೊಬ್ಬ ಅಡುಗೆಮನೆಗೆ ಬಂದಿದ್ದ. ಈ ಸಲದ ನಿಧಿಯ ಪೂರ್ತಿ ಭಾರ ಹೊರಲು ಒಪ್ಪಿದ ದಾನಿ. ಹೊಸಬರೆಲ್ಲ ಹಣೆ ಚಚ್ಚಿಸಿಕೊಳ್ಳುವ ತಗ್ಗು ಬಾಗಿಲಲ್ಲಿ ಸಲೀಸಾಗಿ ಬಗ್ಗಿ ಒಳಬಂದ. ನೀರಲ್ಲಿ ನೆನೆದು ಸುಕ್ಕಾದ ಅವಳ ಬೆರಳುಗಳನ್ನೇ ನೋಡಿದ.

"ನಿಮ್ಮ ಮಗಳು ಇಲ್ಲೇ ಓದ್ತಾಳಂತೆ?"

"ಯಾರು ಹೇಳಿದ್ರು ಸಾರ್? ನನಗೆ ಮಕ್ಕಳೇ ಇಲ್ಲ."

"ಹೆದರಬೇಡಿ. ಸುಮ್ನೆ ಕೇಳಿದೆ."

ಹೆದರಬೇಡಿ ಎಂದವರನ್ನು ಕಂಡರೇ ಅವಳಿಗೆ ಹೆದರಿಕೆ. ಈಗ ಅದೇ ದಾನಿ ಕಾರ್ಯದರ್ಶಿಯ ಕಿವಿಯಲ್ಲಿ ಏನೋ ಹೇಳಿದ್ದ. ಮರುಕ್ಷಣವೇ ಕಾರ್ಯದರ್ಶಿ ಕೂಗಿದ್ದ. ಇದು ಪರೀಕ್ಷೆ. ಮಗಳು ತಡವರಿಸಿದರೆ ನಾಳೆಯೇ ಶಾಲೆಯಿಂದ ಹೊರಗೆ.

ಅಷ್ಟು ಹೊತ್ತು ಹೆಡ್‌ಮಾಸ್ತರರ ಕೆಮ್ಮನ್ನೂ ಗಣಿತದ ಮೇಡಂ ಆಕಳಿಕೆಯನ್ನೂ ಲೀಲಾಜಾಲವಾಗಿ ಒಪ್ಪಿಸಿದ್ದ ಹುಡುಗಿ ಬಾಗಿಲ ಕಡೆ ನೋಡಿದಳು. ಆಯಮ್ಮ ಗದ್ದ ಎತ್ತಿದಳು: ಮಾಡು.

ಹುಡುಗಿ ಬೆನ್ನು ಬಗ್ಗಿಸಿದಳು. ಎಡಗಾಲು ಎಳೆದಳು. "ಲೋಟ ಎಣಿಸಿ ಕೊಡ್ರಪ್ಪಾ, ಬಗ್ಗೋಕೆ ನನಗಿರೋದು ಒಂದೇ ಸೊಂಟ!" ಅದೇ ಗೊಗ್ಗರು ದನಿ. ಜನ ಹೊಟ್ಟೆ ಹಿಡಿದುಕೊಂಡರು. ಹುಡುಗಿ ನಿಲ್ಲಿಸಲಿಲ್ಲ. ಅತ್ತಿತ್ತ ಕಳ್ಳನೋಟ ಬೀರಿ, ತಟ್ಟೆಯಲ್ಲಿ ಉಳಿದ ಬ್ರೆಡ್ಡಿನ ಚೂರನ್ನು ಏಪ್ರನ್ ಜೇಬಿಗೆ ಇಳಿಸುವಂತೆ ನಟಿಸಿದಳು. ಆ ಚೂರು ಯಾರ ಹೊಟ್ಟೆಗೆ ಹೋಗುತ್ತಿತ್ತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ನೂರು ಕತ್ತು ಹಿಂದಕ್ಕೆ ತಿರುಗಿದವು. ಆಯಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಅಯ್ಯೋ ತಲೆಹರಟೆ! ನಿಂಗೆ ನನ್ನ ಕಾಲೇ ಬೇಕಾಗಿತ್ತಾ? ಎಳಿ, ಇನ್ನೂ ಎಳಿ!"

ಹುಡುಗಿ ಇನ್ನೂ ಎಳೆದಳು. ಗೆದ್ದೆವು ಎಂದುಕೊಂಡಳು ತಾಯಿ.

ದಾನಿ ನಗದೆ ಎದ್ದು ವೇದಿಕೆ ಹತ್ತಿದ.

"ನನ್ನ ಅಮ್ಮ ಇದೇ ಅಡುಗೆಮನೇಲಿ ಇಪ್ಪತ್ತು ವರ್ಷ ಪಾತ್ರೆ ತೊಳೆದ್ರು. ಅದಕ್ಕೇ ನನಗೆ ಇಲ್ಲಿ ಓದೋಕೆ ನಿಧಿ ಸಿಗಲಿಲ್ಲ. ಆ ನಿಯಮಾನ ಇವತ್ತು ತೆಗೆಸಿದೀನಿ. ಈ ಆಯಮ್ಮನ ಮಗಳು ಗುಟ್ಟಾಗಿ ಇಲ್ಲೇ ಓದ್ತಿದಾಳೆ ಅಂತ ಕೇಳಿದ್ದೆ. ಇವಳೇ ಇರಬೇಕು, ಕೊನೇವರೆಗೂ ನಾನೇ ಓದಿಸೋಣ ಅಂತ ಬಂದೆ. ಅದಕ್ಕೇ ಹೀಗೆ ಮಾಡಿಸಿ ನೋಡಿದೆ. ಅಲ್ಲ ಅಂತ ಈಗ ಗೊತ್ತಾಯ್ತು. ಹೆತ್ತವಳನ್ನ ಯಾವ ಮಗುವೂ ಹೀಗೆ ಆಡ್ಕೊಳ್ಳಲ್ಲ." ಅವನು ಕಾರ್ಯದರ್ಶಿಯ ಕಡೆ ತಿರುಗಿದ. "ಇವಳ ಹೆಸರು ಪಟ್ಟಿಯಿಂದ ಹೊಡೆದುಹಾಕಿ. ದುಡಿಯೋ ಹೆಂಗಸನ್ನ ನಗೆಪಾಟಲು ಮಾಡೋರಿಗೆ ನನ್ನ ನಿಧಿ ಇಲ್ಲ."

ಆಯಮ್ಮ ಕುರ್ಚಿಗಳಿಗೆ ಎಡವುತ್ತ, ಎಡಗಾಲು ಎಳೆಯುತ್ತ ಮುಂದಕ್ಕೆ ಓಡಿದಳು. ವೇದಿಕೆಯ ಅಂಚು ಹಿಡಿದಳು.

"ಸಾರ್, ಬೇಡ ಸಾರ್! ಅವಳು ನನ್ನ ಮಗಳೇ ಸಾರ್! ನನ್ನ ಸ್ವಂತ ಮಗಳು!"

ದಾನಿಯ ಕಣ್ಣು ತುಂಬಿತು. ಬಗ್ಗಿ, ಅವಳ ಎರಡೂ ಕೈ ಹಿಡಿದುಕೊಂಡು ಸಭೆಗೆ ಹೇಳಿದ:

"ನೋಡಿದ್ರಾ, ಎಂಥಾ ದೊಡ್ಡ ಮನಸ್ಸು! ಇಷ್ಟೆಲ್ಲಾ ಆಡ್ಕೊಂಡವಳನ್ನೂ ಮಗಳು ಅಂತಾರೆ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.