ಇಲ್ಲದ ಮಳೆ

ಪರದೆಯ ಮೇಲೆ ಮಳೆ ಬರುತ್ತಿತ್ತು. ಕಿಟಕಿಯ ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಹವಾಮಾನ ಕಚೇರಿಯಲ್ಲಿ ರಾಡಾರಿನ ಮುಂದೆ ಕೂತವಳು ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ನಕ್ಷೆಯ ನಟ್ಟನಡುವಿನಿಂದ ಅಂಚಿನವರೆಗೂ ಒಂದು ತೆಳ್ಳನೆಯ ಹಸಿರು ಎಳೆ. ಹಸಿರೆಂದರೆ ತುಂತುರು ಮಳೆ. ಆದರೆ ಯಾವ ಮಳೆ ಹೀಗೆ ದಾರ ಎಳೆದ ಹಾಗೆ ನೆಟ್ಟಗೆ ಸುರಿದೀತು? ಒಂಬತ್ತು ದಿನದಿಂದ ಅದು ಅಲ್ಲೇ ಇತ್ತು. ಗಾಳಿಗೂ ಜಗ್ಗಲಿಲ್ಲ, ಬಿಸಿಲಿಗೂ ಬಗ್ಗಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಅದರ ಮೇಲೆ ಒಂಥರಾ ಮೋಹವೇ ಹುಟ್ಟಿಬಿಟ್ಟಿತ್ತು. ಕೆಲಸಕ್ಕೆ ಬಂದವಳೇ ಮೊದಲು ಅದನ್ನು ಹುಡುಕುತ್ತಿದ್ದಳು.

"ಯಾರದೋ ಮನೆ ವೈಫೈ ರೂಟರ್ ಕಣಮ್ಮ," ಎಂದರು ಮೇಲಧಿಕಾರಿ. "ಬೇರೆ ದೇಶಕ್ಕೆ ಅಂತ ಹೊಂದಿಸಿಟ್ಟಿರೋದು. ಅಲ್ಲಿ ಆ ತರಂಗ ಮನೆಗಳಿಗೆ ಬಿಟ್ಟಿರ್ತಾರೆ, ಇಲ್ಲಿ ಅದು ನಮ್ಮ ರಾಡಾರಿಂದು. ನಾಳೆ ನಿಜವಾದ ಬಿರುಮಳೆ ಇದರ ಹಿಂದೆ ಅಡಗಿಕೊಂಡು ಬಂದ್ರೆ ಏನ್ಮಾಡೋಣ? ಹುಡುಕಿ ಸರಿ ಮಾಡಿಸಿ ಬಾಮ್ಮ."

ಅವಳು ಊರಿನ ನಕ್ಷೆ ಹರಡಿ, ಎಳೆ ಹೋದ ಕಡೆಗೇ ಬೆರಳು ಸರಿಸಿದಳು. ಹೊಳೆ ದಾಟಿತು, ಹಿಟ್ಟಿನ ಗಿರಣಿ ದಾಟಿತು, ಬಸ್ ಡಿಪೋ ದಾಟಿತು. ಗುಂಡಿ, ದಾರ ಮಾರುವ ಅಂಗಡಿಗಳ ಬೀದಿಗೆ ಬಂದಾಗ ಬೆರಳು ತಾನಾಗಿ ನಿಂತಿತು. ಅಲ್ಲಿ ಮೂರನೇ ಮಹಡಿಯಲ್ಲಿ ಅವಳ ಅಕ್ಕನ ಮನೆ, ಅದರಲ್ಲೇ ಹೊಲಿಗೆಯಂಗಡಿ. ಮೂರು ವರ್ಷದಿಂದ ಅವಳು ಆ ಮೆಟ್ಟಿಲು ಹತ್ತಿರಲಿಲ್ಲ.

ಆವತ್ತು ಅಕ್ಕ ಫೋನು ಮಾಡಿ, ನಾಟಕದವರ ಹದಿನಾಲ್ಕು ಉಡುಪಿಗೆ ಬಣ್ಣ ಹಾಕಿದ್ದೇನೆ, ತಾರಸಿಯಲ್ಲಿ ಒಣಗಿಸಲಾ ಎಂದು ಕೇಳಿದ್ದಳು. "ಮಳೆ ಇಲ್ಲ, ಧೈರ್ಯವಾಗಿ ಹಾಕು," ಎಂದಿದ್ದಳು ತಂಗಿ. ಮಧ್ಯಾಹ್ನ ಆಕಾಶವೇ ಕಳಚಿ ಬಿತ್ತು. ಹದಿನಾಲ್ಕು ಉಡುಪಿನ ಬಣ್ಣವೂ ತಾರಸಿಯ ಕೊಳವೆಯಲ್ಲಿ ಇಳಿದು ಬೀದಿಗೆ ಹರಿಯಿತು. ಅದಕ್ಕೂ ಅಕ್ಕ ಸಿಟ್ಟಾಗಿರಲಿಲ್ಲ. ತಪ್ಪು ಮುಚ್ಚಿಕೊಳ್ಳುವ ಅವಸರದಲ್ಲಿ ತಂಗಿ, "ಹೋಗ್ಲಿ ಬಿಡು, ಬಟ್ಟೆ ತಾನೇ," ಎಂದುಬಿಟ್ಟಳು. ಅಕ್ಕ ಫೋನಿಟ್ಟವಳು ಮತ್ತೆ ಎತ್ತಲಿಲ್ಲ.

ಈಗ ತರಂಗ ಪತ್ತೆಹಚ್ಚಲು ಕಚೇರಿಯಿಂದ ತಂದ ಕೈ ಆಂಟೆನಾ ಮೆಟ್ಟಿಲು ಮೆಟ್ಟಿಲಿಗೂ ಕಿರುಗುಟ್ಟುವುದು ಜೋರಾಯಿತು. ಬಾಗಿಲು ತೆರೆದ ಅಕ್ಕನ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಒಂದೊಂದನ್ನೇ ತೆಗೆದು ರವಿಕೆಯ ಅಂಚಿಗೆ ಸಿಕ್ಕಿಸಿಕೊಂಡ ಮೇಲೇ ಮಾತು.

"ಏನು ಮೋಡಮ್ಮ, ದಾರಿ ತಪ್ಪಿತಾ?"

ಚಿಕ್ಕಂದಿನ ಆ ಅಡ್ಡಹೆಸರು ಕೇಳಿ ತಂಗಿ ಆಂಟೆನಾವನ್ನು ಬೆನ್ನ ಹಿಂದೆ ಸರಿಸಿದಳು. "ಕಚೇರಿ ಕೆಲಸ ಅಕ್ಕ. ನಿನ್ನ ಮನೆ ಕಡೆ ಮಳೆ ತೋರಿಸ್ತಿದೆ."

"ನೀನು ಇಲ್ಲ ಅಂದ ದಿನ ಸುರೀತು. ಈಗ ಇದೆ ಅಂತಿದ್ದೀಯ, ನೆತ್ತಿ ಸುಡ್ತಿದೆ. ಒಳ್ಳೆ ಹವಾಮಾನ ನಿಂದು!"

ಒಳಗೆ, ಬಟ್ಟೆಯ ಥಾನುಗಳ ಮೇಲೆ ಬಿಳಿ ರೂಟರ್ ಕೂತಿತ್ತು. ನೋಡಿದವಳೇ ತಂಗಿ ಗುರುತು ಹಿಡಿದಳು. ಪರದೇಶದಲ್ಲಿ ರಾಡಾರಿನ ತರಬೇತಿಗಿದ್ದಾಗ ಅವಳೇ ತನ್ನ ಕೋಣೆಗೆ ಕೊಂಡು, ತನ್ನ ಕೈಯಾರೆ ಹೊಂದಿಸಿದ್ದು. ಬರುವಾಗ ಬಣ್ಣದ ಕಾಗದ ಸುತ್ತಿ ಅಕ್ಕನಿಗೆ ತಂದದ್ದು. ತರಂಗಗಳ ಪಾಠ ಓದಿ ಬಂದವಳು ದೇಶ ಬದಲಾಯಿಸುವುದನ್ನೇ ಮರೆತಿದ್ದಳು. ಕೊಟ್ಟ ವಾರವೇ ಆ ಮಳೆ ಸುರಿದು, ಉಡುಗೊರೆ ಬಿಚ್ಚದೆ ಉಳಿದಿತ್ತು. ಈಗ ಬಣ್ಣದ ಕಾಗದ ಇಸ್ತ್ರಿ ಮಾಡಿಸಿಕೊಂಡು ಪಕ್ಕದಲ್ಲಿ ಮಡಿಚಿ ಕೂತಿತ್ತು.

"ಈ ರೂಟರೇ ಅಕ್ಕ, ನಮ್ಮ ಪರದೆ ಮೇಲೆ ಮಳೆಯಾಗಿ ಕಾಣ್ತಿರೋದು. ಇದರಲ್ಲಿ ದೇಶ ಬದಲಾಯ್ಸೋದು ಮರ್ತಿದ್ದೆ. ಯಾವಾಗ ಬಿಚ್ಚಿದೆ?"

"ಹತ್ತು ದಿನ ಆಯ್ತೇನೋ. ಹಳೇದು ಕೆಟ್ಟೋಯ್ತು, ಅದಕ್ಕೆ. ಸುಮ್ನೆ ಏನೇನೋ ಅಂದ್ಕೋಬೇಡ."

ಹಳೆಯ ರೂಟರ್ ಹಿಂದುಗಡೆಯೇ ನಾಲ್ಕೂ ದೀಪ ಮಿನುಗಿಸುತ್ತಾ ಆರೋಗ್ಯವಾಗಿತ್ತು. ತಂಗಿ ಅದನ್ನು ನೋಡಿದಳು. ನೋಡಿದ್ದನ್ನು ಅಕ್ಕನೂ ನೋಡಿದಳು. ಒಂಬತ್ತು ದಿನದಿಂದ ತಾನು ಮೋಹಿಸಿದ ಎಳೆ ಎಲ್ಲಿಂದ ಬರುತ್ತಿತ್ತೆಂದು ತಂಗಿಗೆ ಆಗ ತಿಳಿಯಿತು.

"ಬಟ್ಟೆ ತಾನೇ ಅಂದೆನಲ್ಲ, ಅದು ತಪ್ಪು ಅಕ್ಕ. ಆವತ್ತೇ ಗೊತ್ತಾಯ್ತು. ಬಂದು ಹೇಳೋಕೆ ಮುಖ ಇರ್ಲಿಲ್ಲ."

ಅಕ್ಕ ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ತಪ್ಪಿದಳು. "ದೇಶ ಬದಲಾಯ್ಸೋದು ಹೇಗೆ, ತೋರ್ಸು," ಎಂದಳಷ್ಟೇ. ತಂಗಿ ಫೋನಿನಲ್ಲಿ ಒತ್ತಿದ ಒಂದೊಂದನ್ನೂ ಭುಜದ ಮೇಲಿಂದ ನೋಡುತ್ತಾ ನಿಂತಳು. ಒಮ್ಮೆ ನೋಡಿದ ಅಳತೆಯನ್ನು ಮರೆಯುವ ಕಣ್ಣಲ್ಲ ಅದು. ಹೊರಡುವಾಗ ಒಂದು ಕೊಡೆ ತಂದು ಕೈಗಿಟ್ಟಳು.

"ಈ ಬಿಸಿಲಿಗೆ ಕೊಡೆ ಯಾಕಕ್ಕ?"

"ನಿನ್ನ ಹವಾಮಾನ ನಂಬೋಕಾಗಲ್ಲ. ಆದ್ರೆ ನಂಗೆ ವಾಪಸ್ ಬೇಕು."

ಮರುದಿನ ಪರದೆ ಸ್ವಚ್ಛವಾಗಿತ್ತು. ಮೇಲಧಿಕಾರಿ ಬೆನ್ನು ತಟ್ಟಿದರು. ಅವಳಿಗೆ ಮಾತ್ರ ಏನೋ ಕಳೆದುಕೊಂಡ ಹಾಗೆ. ಕೊಡೆ ಕುರ್ಚಿಯ ಬೆನ್ನಿಗೆ ನೇತಾಡಿತು. ನಾಳೆ ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತಲೇ ಎಂಟು ದಿನ ಕಳೆಯಿತು. ಅಕ್ಕ ನಿಜವಾಗಿಯೂ ಕರೆದಳೋ, ಬರೀ ಬಾಯಿಮಾತಿಗೆ ಅಂದಳೋ? ಮೂರು ವರ್ಷ ಅಕ್ಕ ಎತ್ತದ ಫೋನು ನೆನಪಾಗಿ ಕಾಲು ಏಳುತ್ತಿರಲಿಲ್ಲ.

ಒಂಬತ್ತನೇ ದಿನ ಸರಿಯಾಗಿ ನಾಲ್ಕು ಗಂಟೆಗೆ ಹೊಳೆ, ಗಿರಣಿ, ಡಿಪೋ ದಾಟಿಕೊಂಡು ಹಸಿರು ಎಳೆ ಮೂಡಿತು. ಒಂದೇ ನಿಮಿಷ. ಆರಿತು. ತಡೆಯಲಾರದವರ ಹಾಗೆ ಇನ್ನೊಮ್ಮೆ ಮೂಡಿ, ಆರಿತು.

ಅವಳು ಎದ್ದು ಕೊಡೆ ತೆಗೆದುಕೊಂಡಳು. ಮೇಲಧಿಕಾರಿ ಕಿಟಕಿಯಾಚೆ ಒಂದು ಚೂರು ಮೋಡವೂ ಇಲ್ಲದ ಆಕಾಶ ನೋಡಿ, "ಕೊಡೆ ಯಾಕಮ್ಮ? ಮಳೆನೇ ಇಲ್ವಲ್ಲ," ಎಂದರು.

"ಇದೆ ಸರ್," ಎಂದಳು ಅವಳು, ಆಗಲೇ ಬಾಗಿಲು ದಾಟುತ್ತಾ. "ಒಂದೇ ಮನೆ ಮೇಲೆ."