ಆಯುಧಪೂಜೆಯ ನಿಂಬೆಹಣ್ಣು

ಮೊನ್ನೆ ಹಳೆಯ ಕಾರುಗಳ ಪ್ರದರ್ಶನದಲ್ಲಿ ಯಾರೋ ಪುಟ್ಟ ಬ್ರಿಟಿಷ್ ಕಾರೊಂದನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿದರು. ಆ ವಾಸನೆಗೆ ಕುವೈತಿನ ಫಿಂಟಾಸಿನ ಒಂದು ಮಧ್ಯಾಹ್ನ ಎದುರು ಬಂದು ನಿಂತಿತು.

ತೊಂಬತ್ತರ ಆಯುಧಪೂಜೆ. ಕುವೈತಿಗೆ ನುಗ್ಗಿದ್ದ ಇರಾಕಿ ಸೈನಿಕರು ಬೀದಿಯಲ್ಲಿ ಕಂಡ ಕಾರುಗಳನ್ನೆಲ್ಲ ಒಯ್ಯುತ್ತಿದ್ದರು. ನಮ್ಮದೂ ಅಂಥದ್ದೇ ಪುಟ್ಟ ಕಾರು. ಪ್ರತಿ ಶುಕ್ರವಾರ ಅದನ್ನು ಒರೆಸುತ್ತ ಅಪ್ಪ ಅದನ್ನು ರೂಪಿಸಿದವನನ್ನು ಹೊಗಳುತ್ತಿದ್ದರು: "ಇಂಜಿನ್ ಅಡ್ಡ ಇಟ್ಟು ಮನುಷ್ಯರಿಗೆ ಜಾಗ ಮಾಡಿದ ಪುಣ್ಯಾತ್ಮ."

ಸೈನಿಕರ ಪಾಲಾಗದಿರಲೆಂದು ಅಂದು ಅವರು ಅದರ ಚಕ್ರಗಳನ್ನು ಬಿಚ್ಚಿ ಮಲಗುವ ಕೋಣೆಗೆ ತಂದರು. ಮರಳು ಮೆತ್ತಿದ ಟಯರಿಗೆ ಅಮ್ಮ ಕುಂಕುಮ ಹಚ್ಚಿದಳು.

"ಪಕ್ಕದ ಮನೆಯವರು ಅವರ ಕಾರಲ್ಲೇ ಬಸ್ರಾ ದಾರಿಯಾಗಿ ಊರಿಗೆ ಹೊರಟ್ರು. ನಾವೂ ಹೋಗುವ ಅಂದ್ರೆ ನೀವು ಚಕ್ರ ಬಿಚ್ಚಿದ್ರಿ."

"ದಾರಿಯಲ್ಲಿ ಕಿತ್ಕೊಂಡ್ರೆ? ಇಲ್ಲೇ ಇದ್ರೆ ವಾಪಸ್ ಬಂದಾಗ ಸಿಗ್ತದೆ."

"ವಾಪಸ್ ಬರ್ಲಿಕ್ಕೆ ಮೊದಲು ಹೋಗ್ಬೇಕಲ್ಲ."

ಮನೆಯಲ್ಲಿ ಉಳಿದಿದ್ದ ಒಂದೇ ನಿಂಬೆಹಣ್ಣು ಚಕ್ರದ ಬಳಿಯಿತ್ತು. ಅಮ್ಮ ಅದನ್ನೆತ್ತಿ ತೊಳೆದು, ನೀರಿಗೆ ಹಿಂಡಿ, ಸಕ್ಕರೆಯಿಲ್ಲದೆಯೇ ನನಗೂ ತಮ್ಮನಿಗೂ ಕುಡಿಸಿದಳು.

ಕಿಟಕಿಯಾಚೆ ಕಾರು ಇಟ್ಟಿಗೆಗಳ ಮೇಲೆ ನಿಂತಿತ್ತು. ಅದರೊಳಗೆ ನಮಗೆಲ್ಲರಿಗೂ ಜಾಗವಿತ್ತು.